ಮೂರು ಮಿಸ್ ಕಾಲ್

ನನಗೆ ಇಂಗ್ಲಿಷ್ ಬರುವುದಿಲ್ಲವೆಂದು ಯಾರಾದರೂ ಅಂದರೆ ನಾನು ಪೂರ್ತಿ ಒಪ್ಪುವುದಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಅದು ನಿಜ. ಆದರೆ ರಾಯಬಾಗದ ಕುಡಚಿ ರಸ್ತೆಯಲ್ಲಿ ಇಪ್ಪತ್ತು ವರ್ಷದಿಂದ ಮೋಟಾರ್ ಸೈಕಲ್ ರಿಪೇರಿ ಮಾಡಿಕೊಂಡಿರುವವನಿಗೆ ಪ್ಲಗ್, ಚೋಕ್, ಕ್ಲಚ್, ಗ್ಯಾಸ್ಕೆಟ್, ಕಾರ್ಬೊರೇಟರ್ ಎಂದು ನೂರು ಶಬ್ದವಾದರೂ ಬರುತ್ತವೆ. ಕಾಲೇಜು ಕಲಿತವರು ಅಂಗಡಿಗೆ ಬಂದು, "ಅದರಾಗಿಂದು ಅದು ಏನೋ ಸವದೈತಿ ನೋಡ್ರಿ" ಎಂದು ಕೈಸನ್ನೆ ಮಾಡುವಾಗ ಹೆಸರು ಹಿಡಿದು ಹೇಳುವವನು ನಾನೇ. ಈ ಶಬ್ದಗಳೆಲ್ಲ ಒಳ್ಳೆಯ ಸ್ವಭಾವದವು. ಒಂದು ಶಬ್ದಕ್ಕೆ ಒಂದು ಸಾಮಾನು. ಸವೆದರೆ ಹೊಸದು ಹಾಕಬಹುದು. ಒಂದೇ ಒಂದು ಶಬ್ದ ಮಾತ್ರ ಇಷ್ಟು ವರ್ಷವಾದರೂ ನನ್ನ ಪಾನಾಕ್ಕೆ, ಅಂದರೆ ಸ್ಪ್ಯಾನರಿಗೆ, ಸಿಕ್ಕಿಲ್ಲ. ಅದು 'ಮಿಸ್'.

ಮೊದಲು ಅದು ನನ್ನ ಕಸುಬಿನ ಶಬ್ದವಾಗಿಯೇ ಬಂತು. ಇಂಜಿನ್ ಒಂದೇ ಸಮ ಓಡದೆ, ಅಳುವ ಕೂಸು ಉಸಿರು ಹಿಡಿದಂತೆ ನಡುನಡುವೆ ತಡೆದರೆ ಅದಕ್ಕೆ ಮಿಸ್ಸಿಂಗ್ ಎನ್ನುತ್ತೇವೆ. ಕನ್ನಡದ ಗಿರಾಕಿ ಬಂದರೆ "ಗಾಡಿ ಮಿಸ್ಸಿಂಗ್ ಹೊಡೀತೈತ್ರಿ" ಎನ್ನುತ್ತಾನೆ, ಮರಾಠಿಯವನು ಬಂದರೆ "ಗಾಡಿ ಮಿಸ್ಸಿಂಗ್ ಮಾರತೇ" ಎನ್ನುತ್ತಾನೆ. ಗಡಿಯ ಬಗ್ಗೆ ಎಷ್ಟೇ ಜಗಳವಿದ್ದರೂ ಮಿಸ್ಸಿಂಗ್ ಎಂಬುದು ಹೊಡೆಯುವ ಪೈಕಿಯದು ಎಂಬ ವಿಷಯದಲ್ಲಿ ಎರಡೂ ಕಡೆಯವರಿಗೆ ಭೇದವಿಲ್ಲ. ಇದಕ್ಕೆ ಔಷಧ ಸುಲಭ. ಹತ್ತರಲ್ಲಿ ಎಂಟು ಗಾಡಿಗಳಿಗೆ ಪ್ಲಗ್ಗಿನ ತುದಿಯಲ್ಲಿ ಮಸಿ ಕಟ್ಟಿರುತ್ತದೆ. ಬಿಚ್ಚಿ, ಉಜ್ಜಿ, ಊದಿ ಹಾಕಿದರೆ ಮುಗಿಯಿತು. ಎರಡು ನಿಮಿಷದ ಕೆಲಸ. ಈ ಎರಡು ನಿಮಿಷವನ್ನು ದಯವಿಟ್ಟು ನೆನಪಿಡಿ.

ಆಮೇಲೆ ಶಬ್ದ ಅಂಗಡಿಯಿಂದ ಹೊರಗೆ ಓಡಾಡತೊಡಗಿತು. ಅಥಣಿ ಬಸ್ಸು ಹೋಗಿಬಿಟ್ಟರೆ ಮಿಸ್. ಸಣ್ಣವರಿದ್ದಾಗ ನಮಗೆ ಕಲಿಸಿದವರು ಅಕ್ಕೋರು; ಊರಿಗೆ ಇಂಗ್ಲಿಷ್ ಮಾಧ್ಯಮದ ಶಾಲೆ ಬಂದದ್ದೇ ಅಕ್ಕೋರು ಹೋಗಿ ಅವರೂ ಮಿಸ್ ಆದರು. ಅಕ್ಕೋರ ಕೈಯಲ್ಲಿ ಬೆತ್ತವಿರುತ್ತಿತ್ತು, ಮಿಸ್ಸಿನ ಕೈಯಲ್ಲಿ ವ್ಯಾನಿಟಿ ಬ್ಯಾಗು. ಕೊನೆಗೆ ಮೊಬೈಲು ಬಂತು, ಮಿಸ್ ಕಾಲ್ ಬಂತು. ಆ ದಿನಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಫೋನ್ ಇದ್ದದ್ದು ಮಾತಾಡುವುದಕ್ಕಲ್ಲ, ರಿಂಗ್ ಕೊಟ್ಟು ಕಟ್ ಮಾಡುವುದಕ್ಕೆ. ಮಿಸ್ ಕಾಲನ್ನು ಎತ್ತಿಬಿಡುವುದು, ಊಟಕ್ಕೆ ಕೂತವನ ತಾಟು ಎಳೆದಷ್ಟೇ ಪಾಪದ ಕೆಲಸವಾಗಿತ್ತು.

ನನ್ನ ಅಕ್ಕನನ್ನು ತೆಲಸಂಗಕ್ಕೆ ಕೊಟ್ಟಿತ್ತು. ಅಪ್ಪ ಬೇಗ ಹೋದ ಮನೆ ನಮ್ಮದು. ಅವ್ವ ಕಬ್ಬಿನ ಹೊಲಕ್ಕೆ ಹೋದರೆ ನನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದವಳು ಅಕ್ಕ. ನಾನು ಶಾಲೆ ಬಿಟ್ಟು, ಮನೆಯ ಹೊಲಿಗೆ ಮಶೀನನ್ನು ಪೂರ್ತಿ ಬಿಚ್ಚಿ ಮತ್ತೆ ಜೋಡಿಸಲಾಗದೆ ಕೂತಿದ್ದಾಗ, ಬಯ್ಯದೆ ಕೈಹಿಡಿದು ಗ್ಯಾರೇಜಿಗೆ ಕರೆದೊಯ್ದವಳೂ ಅವಳೇ. "ಇವಂಗ ಅಕ್ಷರ ಹತ್ತೂದಿಲ್ರಿ. ಬಿಚ್ಚೂದು ಛಲೋ ಬರತೈತಿ. ಜೋಡಸೂದು ನೀವು ಕಲಸ್ರಿ" ಎಂದು ಮಾಲಕರಿಗೆ ಒಪ್ಪಿಸಿದಳು. ಮದುವೆಯಾಗಿ ಹೋದ ಮೇಲೆ ಅವಳ ಗಂಡ ಒಂದು ಸಣ್ಣ ಮೊಬೈಲ್ ತಂದ. ನಾನೂ ಒಂದು ತೆಗೆದುಕೊಂಡೆ. ಲೆಕ್ಕ ನಾನೇ ಕಟ್ಟಿಕೊಟ್ಟೆ: ಒಂದು ಮಿಸ್ ಕಾಲ್ ಬಂದರೆ ಎಲ್ಲರೂ ಆರಾಮ, ಎರಡು ಬಂದರೆ ನೀನೇ ಫೋನ್ ಹಚ್ಚು, ಮಾತಾಡುವುದಿದೆ, ಮೂರು ಬಂದರೆ, ಬಾ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ನನ್ನ ಅಂಗಿಯ ಜೇಬು ಒಮ್ಮೆ ಗುರ್ರೆನ್ನುತ್ತಿತ್ತು. ನಾನು ತಿರುಗಿ ಒಂದು ಕೊಡುತ್ತಿದ್ದೆ. ಅವ್ವ ಒಳಗಿನಿಂದ "ಬಂತೇನ?" ಎಂದು ಕೇಳುತ್ತಿದ್ದಳು. "ಬಂತ" ಎನ್ನುತ್ತಿದ್ದೆ. ಅವತ್ತಿನ ಮಾತುಕತೆ ಅಷ್ಟರಲ್ಲಿ ಸಂಪೂರ್ಣವಾಗುತ್ತಿತ್ತು.

ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಅದಕ್ಕೆ ತವರಿನವರು ಹೋಗಿ ಕರೆಯಬೇಕು. ತಾನಾಗಿ ಚೀಲ ಹಿಡಿದು ಹೊರಟರೆ ಅತ್ತೆಯಾದವಳು ಹೊಸ್ತಿಲಲ್ಲೇ ಒಂದು ಮಾತು ಎಸೆಯುತ್ತಾಳೆ. ಪ್ರತಿ ವರ್ಷ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಆ ವರ್ಷವೂ ಹಾಗೇ ಮಾತಾಗಿತ್ತು. ಪಂಚಮಿಗೆ ಮೊದಲು ಬರುವ ರೊಟ್ಟಿ ಹಬ್ಬದ ದಿನ ಬೆಳಿಗ್ಗೆಯ ಬಸ್ಸಿಗೆ ಹೊರಟು, ಅಥಣಿಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ತೆಲಸಂಗ. ಸಂಜೆಗೆ ಇಬ್ಬರೂ ರಾಯಬಾಗ. ಅವ್ವ ಹಿಂದಿನ ದಿನವೇ ಶೇಂಗಾದ ಉಂಡಿ ಕಟ್ಟಿಟ್ಟಿದ್ದಳು. ಒಂದು ಡಬ್ಬಿಯನ್ನು ಬೇರೆ ಇಟ್ಟು, "ಇದನ್ನ ಮುಟ್ಟೀಯಂದ್ರ ನೋಡು, ಅಕೀ ಬಂದ ಮ್ಯಾಲೆ ತಗೀಬೇಕು" ಎಂದು ನನಗೆ ತಾಕೀತು ಮಾಡಿದ್ದಳು.

ಬೆಳಿಗ್ಗೆ ಹೊಸ ಅಂಗಿ ತೊಟ್ಟು ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ, ಅಂಗಡಿಯ ಬೀಗ ಸರಿಯಾಗಿ ಹಾಕಿದ್ದೇನೋ ಇಲ್ಲವೋ ಎಂದು ನೋಡಲು ನಿಂತೆ. ಅಲ್ಲಿ ಒಂದು ಸ್ಕೂಟರ್ ನಿಂತಿತ್ತು. ಅದರ ಪಕ್ಕದಲ್ಲಿ ಮಿಸ್ ನಿಂತಿದ್ದರು. ಇಂಗ್ಲಿಷ್ ಶಾಲೆಗೆ ನಿಪ್ಪಾಣಿ ಕಡೆಯಿಂದ ಹೊಸದಾಗಿ ಬಂದವರು. ಅವರು ಮುಂಜಾನೆ ನನ್ನ ಅಂಗಡಿಯ ಮುಂದೆ ಸ್ಕೂಟರ್ ಮೇಲೆ ಹಾದುಹೋಗುವ ಹೊತ್ತಿಗೆ ನಾನು ಎಷ್ಟು ನಟ್ಟುಗಳನ್ನು ಉಲ್ಟಾ ತಿರುವಿದ್ದೇನೋ ಲೆಕ್ಕವಿಲ್ಲ. ಆಗ ನನಗೆ ಇಪ್ಪತ್ತಾರು, ಮದುವೆಯಾಗಿರಲಿಲ್ಲ. "ಸ್ವಲ್ಪ ನೋಡ್ರಿ, ಮಿಸ್ಸಿಂಗ್ ಹೊಡೀತೈತಿ. ಶಾಲಿಗೆ ಸೂಟಿ ಐತಿ, ಊರಿಗೆ ಹೋಗಬೇಕು" ಎಂದರು. ಚಾಲೂ ಮಾಡಿ ಕಿವಿಗೊಟ್ಟೆ. ಪ್ಲಗ್. ಎರಡು ನಿಮಿಷ.

ಆದರೆ ನನ್ನ ಬಾಯಿ, "ಕಾರ್ಬೊರೇಟರ್ ಬಿಚ್ಚಬೇಕಾಗ್ತದ್ರಿ" ಎಂದಿತು. ಅವರು ಗಾಬರಿಯಾಗಿ "ಭಾಳ ಹೊತ್ತ ಹಿಡಿತೈತೇನ್ರಿ?" ಎಂದರು. "ಕುಂದರ್ರಿ, ಮಾಡಿ ಕೊಡತೇನಿ" ಎಂದು ಸ್ಟೂಲನ್ನು ಅಂಗಿಯ ತೋಳಿನಿಂದ ಒರೆಸಿದೆ; ಪಂಚಮಿಯ ಹೊಸ ಅಂಗಿ. ಮೊದಲ ಬಸ್ಸು ನನ್ನ ಕಣ್ಣ ಮುಂದೆಯೇ ಹೋಯಿತು. ಇನ್ನೊಂದಿದೆಯಲ್ಲ ಎಂದುಕೊಂಡೆ. ಸೊಗಸಾಗಿದ್ದ ಕಾರ್ಬೊರೇಟರನ್ನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಒಂದೊಂದು ತೂತನ್ನೂ ಬೆಳಕಿಗೆ ಹಿಡಿದು ನೋಡಿ, ಕಣ್ಣಿನ ಡಾಕ್ಟರರ ಹಾಗೆ "ಹೂಂ" ಎಂದೆ. ಚಹಾ ತರಿಸಿದೆ. ಅವರು ಪುಸ್ತಕ ಓದುತ್ತ ಕೂತಿದ್ದರು. ಎರಡನೆಯ ಬಸ್ಸೂ ಹೋಯಿತು.

ಮಧ್ಯಾಹ್ನದ ಹೊತ್ತಿಗೆ ಜೇಬು ಗುರ್ರೆಂದಿತು. ಒಂದು. ಎರಡು. ಮೂರು. ಕೈಗೆ ಮಸಿ ಇತ್ತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂರು. ಎತ್ತಿದರೆ ಅಕ್ಕನ ಬ್ಯಾಲೆನ್ಸ್ ಹೋಗುತ್ತದೆ ಎಂಬ ಧರ್ಮ ನನಗೆ ಆ ಹೊತ್ತಿಗೆ ಬಹಳ ನೆನಪಾಯಿತು. ಮತ್ತೊಮ್ಮೆ ಮೂರು ಬಂದಾಗ ಮಿಸ್ ಪುಸ್ತಕದಿಂದ ತಲೆ ಎತ್ತಿ, "ಫೋನ್ ಬರಾಕತ್ತೈತಲ್ರಿ?" ಎಂದರು. "ಗಿರಾಕಿದ್ರಿ" ಎಂದೆ. ನನ್ನನ್ನು ಹೊತ್ತು ಬೆಳೆಸಿದವಳನ್ನು ಒಂದು ಮಾತಿನಲ್ಲಿ ಗಿರಾಕಿ ಮಾಡಿಬಿಟ್ಟೆ. ಕೊನೆಗೆ ಪ್ಲಗ್ ಉಜ್ಜಿದೆ, ಗಾಡಿ ಹೂವಿನ ಹಾಗೆ ಓಡಿತು. ಮಿಸ್ ಹತ್ತಿ ಕೂತು, ನಕ್ಕು, "ಥ್ಯಾಂಕ್ಯೂ ಅಂಕಲ್" ಎಂದು ಹೋದರು. ಹಬ್ಬ ಮುಗಿಸಿ ಬಂದ ಮೇಲೂ ಅವರು ಅದೇ ರಸ್ತೆಯಲ್ಲಿ ಓಡಾಡಿದರು. ನಾನು ನಟ್ಟುಗಳನ್ನು ಸರಿಯಾಗಿಯೇ ತಿರುವಿದೆ.

ಅವತ್ತು ಮಿಸ್ ಹೋದ ಮೇಲೆ ಅಕ್ಕನಿಗೆ ಫೋನ್ ಹಚ್ಚಿದೆ. "ಬಸ್ ಮಿಸ್ ಆತು ಅಕ್ಕಾ" ಎಂದೆ.

"ಮುಂದಿಂದು ಇತ್ತಲ್ಲೊ?"

"ಅದೂ ಮಿಸ್ ಆತು."

ಹಿಂದಿನಿಂದ ಅವಳ ಅತ್ತೆಯ ದನಿ ಕೇಳಿಸುತ್ತಿತ್ತು: "ಏನಂತಾನ ನಿನ್ನ ತಮ್ಮ? ಚೀಲಾ ತುಂಬಿಕೊಂಡ ಮುಂಜಾನಿಂದ ಕಟ್ಟಿ ಮ್ಯಾಲೆ ಕುಂತೀ, ಬಿಚ್ಚಿ ಇಡತಿಯೋ ಹೆಂಗ?" ಅಕ್ಕ ಫೋನಿನಲ್ಲಿ ದನಿ ಇಳಿಸಿ, "ಇರ್ಲಿ ತಗೊ. ಅವ್ವಗ ನೀ ಏನೂ ಹೇಳಬ್ಯಾಡ. ನಿನ್ನ ಬೈತಾಳ. ನನಗ ಪುರಸೊತ್ತ ಇಲ್ಲಂತ, ನಾನ ಬರೂದಿಲ್ಲ ಅಂದೆ ಅಂತ ಹೇಳು" ಎಂದಳು. ನಾನು ಹಾಗೆಯೇ ಹೇಳಿದೆ. ಅವ್ವ ಬೇರೆ ಇಟ್ಟ ಡಬ್ಬಿಯ ಮುಚ್ಚಳ ಮತ್ತೊಮ್ಮೆ ಒತ್ತಿದಳು. "ಅಕೀಗೂ ಸಂಸಾರ ಐತಿ" ಎಂದಳು, ಅಷ್ಟೇ.

ಆ ವರ್ಷ ದೀಪಾವಳಿಗೆ ಮೊದಲೇ ಅವ್ವ ತೀರಿಕೊಂಡಳು. ಅಕ್ಕ ಬಂದಳು, ಯಾರೂ ಕರೆಯಲು ಹೋಗದೆಯೇ ಬಂದಳು. ಪಂಚಮಿಯ ಡಬ್ಬಿ ಗೋಡೆಯ ಮಾಡದಲ್ಲಿ ಹಾಗೆಯೇ ಇತ್ತು. ಅದನ್ನು ತೆರೆದು ನೋಡಿ, ಮುಚ್ಚಿ, ನನ್ನ ಕಡೆ ತಿರುಗಿ, "ನೀ ಊಟ ಮಾಡಿದ್ಯೇನ?" ಎಂದಳು. ಆಮೇಲಿನ ಪಂಚಮಿಗಳಿಗೆ ನಾನು ತಪ್ಪದೆ ಕರೆದೆ. "ಅವ್ವ ಇಲ್ಲದ ಪಂಚಮಿಗೆ ಯಾಕೋ. ಇಲ್ಲಿ ಹೊಲದಾಗ ಕಸಾ ಬೆಳದೈತಿ" ಎನ್ನುತ್ತಿದ್ದಳು. ಸಂಜೆಯ ಒಂದು ಮಿಸ್ ಕಾಲ್ ಮಾತ್ರ ಬರುತ್ತಿತ್ತು. ತಿರುಗಿ ಕೊಡುತ್ತಿದ್ದೆ. "ಬಂತೇನ?" ಎಂದು ಕೇಳುವವರಿರಲಿಲ್ಲ.

ಈಗ ಫೋನು ಎಷ್ಟು ಹೊತ್ತಾದರೂ ಮಾತಾಡಿರಿ ಎನ್ನುತ್ತದೆ. ಕರೆ ಪುಕ್ಕಟೆಯಾದಂದಿನಿಂದ ಅಕ್ಕ ತಮ್ಮನ ಮಾತು ನಿಂತುಹೋಯಿತು. ಆರಾಮ? ಆರಾಮ. ಮಳಿ? ಇಲ್ಲ. ಮತ್ತೆ? ಮತ್ತೇನಿಲ್ಲ. ಇಷ್ಟನ್ನು ವಾರಕ್ಕೊಮ್ಮೆ ಹೇಳಿಕೊಳ್ಳುತ್ತೇವೆ. ಒಂದೇ ಗುರ್ರಿನಲ್ಲಿ ಇದಕ್ಕಿಂತ ಹೆಚ್ಚು ಇರುತ್ತಿತ್ತು. ಮೊನ್ನೆ ನನ್ನ ಮಗಳು ನನ್ನ ಫೋನಿನಿಂದ ಅಕ್ಕನಿಗೆ ಹೂವಿನ ಚಿತ್ರ ಕಳಿಸಿ ಕೆಳಗೆ ಏನೋ ಬರೆದಳು. ಏನದು ಎಂದೆ. "ಮಿಸ್ ಯೂ ಅತ್ತಿ ಅಂತ." ಕನ್ನಡದಲ್ಲಿ ಏನಾಗುತ್ತದೆ ಎಂದು ಕೇಳಿದೆ. ಮಗಳು ವಿಚಾರ ಮಾಡಿ, "ನೀ ಇಲ್ಲಿ ಇರಬೇಕಾಗಿತ್ತು, ಇಲ್ಲ, ಅಂತ" ಎಂದಳು. ನಾನು ಇಪ್ಪತ್ತು ವರ್ಷ ಹೊಡೆತ ಎಂದುಕೊಂಡಿದ್ದ ಶಬ್ದಕ್ಕೆ ಇಂಥದೊಂದು ಅರ್ಥವೂ ಇದೆಯೆಂದು ಮೂರನೆಯ ಇಯತ್ತೆಯ ಹುಡುಗಿಗೆ ಗೊತ್ತಿತ್ತು.

ಈ ಶ್ರಾವಣದಲ್ಲಿ, ಪಂಚಮಿಗೆ ನಾಲ್ಕು ದಿನ ಇರುವಾಗ, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಕ್ಕನ ನಂಬರ್ ಒತ್ತಿ, ಒಂದು ರಿಂಗ್ ಆಗುತ್ತಲೇ ಕಟ್ ಮಾಡಿದೆ. ಮತ್ತೊಮ್ಮೆ. ಮಗದೊಮ್ಮೆ. ಫೋನ್ ಕೆಳಗಿಡುವುದರೊಳಗೆ ಅವಳೇ ಹಚ್ಚಿದಳು.

"ಯಾಕೋ ಮಾರುತಿ, ಎಲ್ಲಾರೂ ಆರಾಮ ಅದೀರಿ ಹೌದಿಲ್ಲೊ?"

"ಆರಾಮ ಅದೀವಿ. ಕೈ ತಾಗಿ ಹೋತು ಅಕ್ಕಾ."

"ಮೂರ ಸಲ ಕೈ ತಾಗತೈತೇನ?" ಎಂದಳು. "ಮೂರ ಬಂದ್ರ ಏನಂತ ನೀನ ಹೇಳಿಕೊಟ್ಟಿದ್ದಿ. ನಾ ಮರತಿಲ್ಲ. ಚೀಲಾ ತುಂಬಲೇನ?"

"ಅಕ್ಕಾ, ಅವತ್ತ ಬಸ್ ಮಿಸ್ ಆಗಿದ್ದಿಲ್ಲ."

"ಗೊತ್ತೈತಿ."

"ಹೆಂಗ?"

"ಸುಳ್ಳ ಹೇಳಾಗ ನಿನ್ನ ಗಂಟಲಾ ಮಿಸ್ಸಿಂಗ್ ಹೊಡೀತೈತಿ. ಸಣ್ಣಂವ ಇದ್ದಾಗಿಂದ" ಎಂದು ನಕ್ಕಳು. ಆ ನಗು ಕೇಳಿ ಬಹಳ ವರ್ಷಗಳಾಗಿದ್ದವು. "ಗಾಡಿ ಮ್ಯಾಲೆ ಬಾ. ನಿನಗ ಬಸ್ ಸೇರೂದಿಲ್ಲ."

ನನ್ನ ಸ್ವಂತ ಗಾಡಿ ಮೂರು ತಿಂಗಳಿಂದ ಮಿಸ್ಸಿಂಗ್ ಹೊಡೆಯುತ್ತಿತ್ತು. ಊರಿನ ಗಾಡಿಗಳನ್ನು ನೋಡುವವನಿಗೆ ತನ್ನದು ನೋಡಲು ಪುರಸೊತ್ತು ಎಲ್ಲಿ? ಕೂಡಲೇ ಕೂತು ಪ್ಲಗ್ ಬಿಚ್ಚಿ, ಮಸಿ ಉಜ್ಜಿ, ಊದಿ ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಸ್ಕೂಟರಿನ ಸಂಗತಿಯನ್ನು ಮಾತ್ರ ಅಕ್ಕನಿಗೆ ಇನ್ನೂ ಹೇಳಿಲ್ಲ. ಕರೆದುಕೊಂಡು ಬರುವಾಗ ದಾರಿಯಲ್ಲಿ ಹೇಳಬೇಕೆಂದಿದ್ದೆ. ಹಿಂದೆ ಕೂತವರಿಗೆ ಗಾಡಿ ಹೊಡೆಯುವವನ ಮುಖ ಕಾಣುವುದಿಲ್ಲ. ಆದರೆ ಈಗ ಇಂಜಿನ್ ಒಂದೇ ಸಮ ಓಡುತ್ತಿದೆ. ದಾರಿಯಲ್ಲಿ ನನ್ನ ಮಾತು ಒಂದಿಷ್ಟು ಆಚೀಚೆಯಾಗಿ ಮಿಸ್ಸಿಂಗ್ ಏನಾದರೂ ಕೇಳಿಸಿದರೆ ಅದು ಗಾಡಿಯದಲ್ಲವೆಂದು ಅವಳಿಗೆ ಗೊತ್ತಾಗಿಬಿಡುತ್ತದೆ.