ಅತ್ತೆ ತೊಳೆದ ಗಾಜಿನ ತೊಟ್ಟಿ

ಹಲ್ಲುಜ್ಜುತ್ತ ನಡುಮನೆಗೆ ಬಂದ ವಿಜ್ಞಾನದ ಮೇಷ್ಟ್ರ ಬ್ರಷ್ಷು ಬಾಯಲ್ಲೇ ನಿಂತಿತು. ಕಿಟಕಿ ಪಕ್ಕದ ಗಾಜಿನ ತೊಟ್ಟಿ ಫಳಫಳ ಹೊಳೆಯುತ್ತಿತ್ತು.

"ಮೀನು ಸತ್ತು ವರ್ಷ ಆಯ್ತಂತೆ. ಆ ಪಾಚಿ ನೀರು ಇನ್ನೂ ಯಾಕೆ ಅಂತ ತೊಳೆದಿಟ್ಟೆ," ಎಂದರು ನಿನ್ನೆಯಷ್ಟೇ ಬಂದಿಳಿದ ಅತ್ತೆ. "ಉಜ್ಜಿ ಉಜ್ಜಿ ಸೊಂಟ ಬಿದ್ದುಹೋಯ್ತು ನೋಡಿ."

ಆ ಪಾಚಿ ನೀರೇ ಮೇಷ್ಟ್ರ ಪ್ರಾಣವಾಗಿತ್ತು. ದಿನಾ ಒಂದು ಹನಿ ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದರು. ಚಪ್ಪಲಿಯಾಕಾರದ ಜೀವಿಗಳು ಹೋಗಿ ಗಂಟೆಯಾಕಾರದವು ಬಂದಿದ್ದವು, ಅವನ್ನು ನುಂಗುವವೂ ಬಂದಿದ್ದವು. ಸೂಕ್ಷ್ಮದರ್ಶಕ ಮಾತ್ರ ಶಾಲೆಯದು. "ನಾಳೆ ಅದರಲ್ಲಿ ಏನಾದ್ರೂ ತೋರಿಸಿ. ಇಲ್ಲಾಂದ್ರೆ ಬೀರುವಿಗೆ ಹಾಕಿ ಬೀಗ ಜಡೀತೀನಿ," ಎಂದಿದ್ದರು ಹೆಡ್‌ಮಾಸ್ಟರು. ಆ ನಾಳೆ ಇವತ್ತೇ.

ರೇಗುವುದಕ್ಕೂ ಮೇಷ್ಟ್ರಿಗೆ ಹೊತ್ತಿರಲಿಲ್ಲ. ಸೂಕ್ಷ್ಮದರ್ಶಕವನ್ನು ಚೀಲಕ್ಕೆ ಹಾಕಿಕೊಂಡು, ಸೀಸೆ ಹಿಡಿದು ಪಾರ್ಕಿನ ಕೊಳಕ್ಕೆ ಓಡಿದರು. ಚೀಲ ಬೆಂಚಿನ ಮೇಲಿಟ್ಟು ನೀರಿಗೆ ಬಗ್ಗಿದ್ದೇ ತಡ, ಯಾರೋ ಹಿಂದಿನಿಂದ ತಬ್ಬಿ ಎಳೆದರು. ಇಬ್ಬರೂ ಕೆಸರಿಗೆ ಬಿದ್ದರು, ಸೀಸೆ ಚೂರಾಯಿತು. ನೋಡಿದರೆ ಪಕ್ಕದ ಮನೆಯ ನಿವೃತ್ತ ಕಂಡಕ್ಟರು.

"ಬೇಡಿ ಮೇಷ್ಟ್ರೇ! ಏನೇ ಕಷ್ಟ ಇರ್ಲಿ, ಜೀವ ದೊಡ್ಡದು!"

"ಮೊಣಕಾಲುದ್ದ ನೀರಲ್ಲಿ ಯಾರ್ರೀ ಸಾಯ್ತಾರೆ?"

"ಮನಸ್ಸು ಕೆಟ್ರೆ ಯಾವ ನೀರಾದ್ರೇನು? ಮನೆಗೆ ಅತ್ತೆ ಬಂದಿದ್ದಾರಂತಲ್ಲ, ನಂಗೆಲ್ಲ ಗೊತ್ತು."

ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಮೇಷ್ಟ್ರ ರಟ್ಟೆ ಹಿಡಿದ ಕಂಡಕ್ಟರು ಶಾಲೆಯ ಗೇಟಿನವರೆಗೂ ಬಿಡಲಿಲ್ಲ.

ಹೆಡ್‌ಮಾಸ್ಟರು ಇನ್ನೂ ತಮ್ಮ ಕೋಣೆಗೆ ಬಂದಿರಲಿಲ್ಲ. ಬೇರೆ ದಾರಿ ಕಾಣದೆ ಮೇಷ್ಟ್ರು ಮೂಲೆಯ ಕುಡಿಯುವ ನೀರಿನ ಡ್ರಮ್ಮಿನಿಂದಲೇ ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟರು. ಏನೂ ಕಾಣುವುದಿಲ್ಲ, ಬೈಸಿಕೊಂಡು ಹೋದರಾಯಿತು ಎಂದುಕೊಂಡರು.

ಹೆಡ್‌ಮಾಸ್ಟರು ಬಂದು ಬಗ್ಗಿ ನೋಡಿದರು. ನೋಡುತ್ತಲೇ ಇದ್ದರು.

"ಅಬ್ಬಬ್ಬಾ! ಸಂತೆ ನೆರೆದಿದೆಯಲ್ರೀ! ಭೇಷ್, ಇದು ನಿಮ್ಮ ಹತ್ರಾನೇ ಇರ್ಲಿ!" ಅದೇ ಖುಷಿಯಲ್ಲಿ ಡ್ರಮ್ಮಿನಿಂದ ಲೋಟ ತುಂಬಿಸಿ ಬಾಯಿಗೆತ್ತಿದರು.

ಸುಮ್ಮನಿದ್ದಿದ್ದರೆ ಮೇಷ್ಟ್ರು ಗೆದ್ದಿರುತ್ತಿದ್ದರು.

"ಕುಡೀಬೇಡಿ ಸಾರ್! ನೀವು ನೋಡಿದ್ದು ಅದೇ ನೀರು!"

ಲೋಟ ಮೆಲ್ಲಗೆ ಕೆಳಗಿಳಿಯಿತು.

"ಆಡಿದ ಮಾತಿಗೆ ನಾನು ತಪ್ಪಲ್ಲ," ಎಂದರು ಹೆಡ್‌ಮಾಸ್ಟರು ಕೊನೆಗೆ. "ಸೂಕ್ಷ್ಮದರ್ಶಕ ನಿಮ್ಮ ಹತ್ರಾನೇ ಇರ್ಲಿ. ಇನ್ಮೇಲೆ ಈ ಡ್ರಮ್ಮು, ಮಾಳಿಗೆ ಮೇಲಿನ ಟ್ಯಾಂಕು ತೊಳೆಯೋದೂ ನೀವೇ. ದಿನಾ ಒಂದು ಹನಿ ಇಟ್ಟು ನೋಡಿ. ಏನಾದ್ರೂ ಕಂಡ್ರೆ ನಿಮ್ಮನ್ನ ಸುಮ್ನೆ ಬಿಡಲ್ಲ!"

ಸಂಜೆ ಮೇಷ್ಟ್ರು ಚಪ್ಪಲಿಯನ್ನೂ ಬಿಡದೆ ಅತ್ತೆಯ ಎದುರು ಕುಸಿದು ಕೂತರು.

"ಅತ್ತೆ, ಬೆಳಿಗ್ಗೆ ಆ ತೊಟ್ಟೀನ ಅದೇನು ಹಾಕಿ ಉಜ್ಜಿದ್ರಿ?"