ಯುಗಾದಿ ಮೇಲೆ ಜಮೆಯಾದ ಮುಪ್ಪಿನ ರೊಕ್ಕ

ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ನಾನು ಯಾವ ಕಚೇರಿಯ ಕಿಟಕಿ ಮುಂದೆ ನಿಂತರೂ ಒಳಗಿನವನಿಗೆ ಅವತ್ತೇ ಬುದ್ಧಿ ಕೆಡುತ್ತದೆ. ಇದು ತೊಂಬತ್ತರ ದಶಕದ ಕೊನೆಯ ಮಾತು. ಊರಿನ ಹೆಸರು ಹೇಳುವುದಿಲ್ಲ. ಇದರಲ್ಲಿ ಬರುವ ಅಂಚೆ ಗುಮಾಸ್ತನ ಹೆಂಡತಿ ಇವತ್ತಿಗೂ ನನ್ನ ಖಾನಾವಳಿಯಿಂದಲೇ ರೊಟ್ಟಿ ಒಯ್ಯುತ್ತಾಳೆ.

೧. ಮಕ್ಕಳಿದ್ದ ಮೇಲೆ

ಒಂದು ಒಲೆ, ಒಂದು ಹಂಚಿನಿಂದ ಖಾನಾವಳಿ ಕಟ್ಟಿದವಳು ನಾನು. ಓದು ಕಲಿತದ್ದು ರೊಟ್ಟಿ ಕಟ್ಟುವ ಹಳೆ ಪೇಪರಿನಲ್ಲಿ. ಭವಿಷ್ಯ ನಿಧಿಗೆ ಮಾರ್ಚ್ ಮುಗಿಯುವುದರೊಳಗೆ ಹಣ ಕಟ್ಟಿದರೆ ಆ ವರ್ಷದ ತೆರಿಗೆಯಲ್ಲಿ ರಿಯಾಯಿತಿ ಉಂಟು ಎಂದು ಅಲ್ಲೇ ಓದಿದ್ದೆ. ಮುಪ್ಪಿಗೂ ಆಯಿತೆಂದು ಅಂಚೆ ಕಚೇರಿಯಲ್ಲಿ ಅದರ ಖಾತೆ ತೆಗೆಯಲು ಹೋದೆ.

ಗುಮಾಸ್ತ ನಕ್ಕ. "ರೊಟ್ಟಿ ಬಡಿಯೋರಿಗೆ ಮುಪ್ಪಿನ ಖಾತೆ ಯಾಕ್ರಿ ಅಕ್ಕಾರ? ಗಂಡುಮಕ್ಕಳಿಲ್ಲೇನು?"

"ಇಬ್ರು ಅದಾರ. ಇನ್ನೂ ನಾನ ಉಣ್ಣಾಕ ಹಾಕ್ತೀನಿ. ಅದಕ್ಕ ಬೇಕಾಗೈತಿ."

೨. ಗುಮಾಸ್ತನ ಉಪಕಾರ

ಮಾರ್ಚ್ ಕೊನೆಯ ವಾರ ಹಣ ಕಟ್ಟಿ, ಠಸ್ಸೆ ಹೊಡೆದ ರಸೀದಿ ತಂದೆ. ಮೇ ತಿಂಗಳಲ್ಲಿ ಪಾಸ್‌ಬುಕ್ ಬರೆಸಿದರೆ ಜಮೆ ಏಪ್ರಿಲ್‌ನಲ್ಲಿ! ಹೋದ ವರ್ಷದ ಜಾಗ ಬೋಳು. ರಿಯಾಯಿತಿ ಹೋಯಿತು, ಪೂರ್ತಿ ತೆರಿಗೆ ನನ್ನ ತಲೆಗೆ ಬಂತು. ಪಾಸ್‌ಬುಕ್ಕನ್ನು ಗುಮಾಸ್ತನ ಮುಂದೆ ಹಿಡಿದೆ.

"ಏನ್ರೀ ಇದು?"

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಮುಪ್ಪಿನ ರೊಕ್ಕ, ವರ್ಷ ಸಾಯೋ ಹೊತ್ತಿನ್ಯಾಗ ಯಾಕ ಇಡಬೇಕು? ಯುಗಾದಿ ಮುಗೀಲಿ ಅಂತ ಎತ್ತಿಟ್ಟಿದ್ದೆ. ಹೊಸ ಸಂವತ್ಸರ, ಸೋಮವಾರ, ಚಲೋ ನಕ್ಷತ್ರ ನೋಡಿ ಖಾತೆಗೆ ಏರಿಸೀನಿ."

"ತೆರಿಗಿ ಸಾಹೇಬ್ರು ಕೇಳಿದ್ರ ಏನಂತ ಹೇಳ್ಲಿ?"

"ಪುಷ್ಯ ಅಂತ ಹೇಳ್ರಿ," ಅಂದ.

೩. ಗಂಡಸರ ಜಗಳ

ತಿದ್ದಿಕೊಡು ಎಂದೆ. "ಹೋದ ವರ್ಷ ಮುಚ್ಚೇತ್ರಿ, ತೆಗ್ಯಾಕ ಬರಲ್ಲ," ಅಂದ. ಅವನ ಅಪ್ಪನ ಮನೆಯ ಕಪಾಟೇ ಅದು, ಕೀಲಿ ಕಳೆಯಲಿಕ್ಕೆ? ರಸೀದಿಯ ನಕಲು ಸೇರಿಸಿ ಮೇಲಿನವರಿಗೆ ನನ್ನ ಕೈಯಾರೆ ಅರ್ಜಿ ಬರೆದು ಕಳಿಸಿದೆ.

ನನ್ನ ತೆರಿಗೆ ಲೆಕ್ಕ ಬರೆಯುವವನು ಹಗರಿಬೊಮ್ಮನಹಳ್ಳಿಯವನು. "ತಪ್ಪು ಅವ್ರದ ಖರೇ. ಆದ್ರೂ ಸುಮ್ನ ತೆರಿಗಿ ಕಟ್ಟಿಬಿಡ್ರಿ. ಹೆಣ್ಮಕ್ಕಳು ಕಚೇರಿ ಕೂಡ ಜಗಳ ಮಾಡಬಾರ್ದು," ಅಂದ.

"ಗಂಡಸ್ರು ಮಾಡಬಹುದೇನು?"

"ಓಹೋ, ಮಾಡಬಹುದು."

"ಹಂಗಾರ ನಡೀರಿ, ನೀವ ಮಾಡ್ರಿ."

ಅವನಿಗೆ ಆಗಿಂದಾಗಲೇ ಹೊಟ್ಟೆನೋವು ಬಂತು.

೪. ವಿಚಾರವಂತರು

ಅರ್ಜಿ ಹಿಡಿದು ಮೇಲಧಿಕಾರಿ ಬಂದದ್ದು ಒಂದು ಶುಕ್ರವಾರ. ರಸೀದಿ ನೋಡಿದವರೇ ಗುಮಾಸ್ತನನ್ನು ನನ್ನೆದುರೇ ಝಾಡಿಸಿದರು. "ಜನ ಕಟ್ಟಿದ ದುಡ್ಡಿಗೆ ನಕ್ಷತ್ರ ನೋಡ್ತೀಯೇನಯ್ಯಾ? ಯಾವ ಕಾಲದಾಗ ಅದೀಯ ನೀನು?" ಜಮೆಯನ್ನು ಮಾರ್ಚ್‌ಗೆ ತಿದ್ದಿಸಿ, ಸಹಿ ಹಾಕಿ, ಮೊಹರು ಒತ್ತಿದರು. ನನ್ನ ಹೋದ ವರ್ಷ ನನಗೆ ವಾಪಸ್ ಸಿಕ್ಕಿತು. ಇಲಾಖೆಯಲ್ಲಿ ಒಬ್ಬರಾದರೂ ವಿಚಾರವಂತರಿದ್ದಾರಲ್ಲ ಎಂದುಕೊಂಡೆ.

ಮಧ್ಯಾಹ್ನ ಅವರು ನನ್ನ ಖಾನಾವಳಿಗೇ ಊಟಕ್ಕೆ ಬಂದರು. ಬಿಸಿ ರೊಟ್ಟಿ, ಎಣಗಾಯಿ ಬಡಿಸಿದೆ. ರೊಟ್ಟಿಗೆ ಕೈ ಹಾಕುವ ಮುಂಚೆ ಮೆತ್ತಗೆ ಹೇಳಿದರು:

"ನೋಡಮ್ಮಾ, ಇವತ್ತು ಶುಕ್ರವಾರ. ಶುಕ್ರವಾರ ನಾನು ಕೈಯಿಂದ ಲಕ್ಷ್ಮೀನ ಬಿಡೋದಿಲ್ಲ. ಊಟದ ರೊಕ್ಕ ನಾಳಿ ಕಳಿಸ್ತೀನಿ."

ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡೆ.

"ಆಗ್ಲಿ ಸಾಹೇಬ್ರ. ರೊಟ್ಟೀನೂ ನಾಳಿಗೇ ಏರಿಸ್ತೀನಿ."