ಸುದ್ದಿ ತಲುಪಿದ ವೇಳೆ

ನಮ್ಮ ಮನೆಯವರ ತಲೆ ಕೆಟ್ಟದ್ದು ತೊಂಬತ್ತೊಂದನೇ ಇಸವಿಯ ಮೇ ತಿಂಗಳ ಒಂದು ಬುಧವಾರ. ಅದರ ಹಿಂದಿನ ದಿನ, ಮಂಗಳವಾರ, ಅವರು ಸರಿಯಾಗಿಯೇ ಇದ್ದರು. ಬೇಕಾದರೆ ನಾನೇ ಸಾಕ್ಷಿ ಹೇಳುತ್ತೇನೆ. ಬೆಳಿಗ್ಗೆ ಎರಡು ಲೋಟ ಕಾಫಿ ಕುಡಿದು, ಬರೋಡಾದ ಹಾಲಿನಲ್ಲಿ ಕಾಫಿಗೆ ರುಚಿಯೇ ಬರುವುದಿಲ್ಲವೆಂದು ದಿನವೂ ಹೇಳುವುದನ್ನು ಅಂದೂ ಹೇಳಿದರು. ಊಟದ ಜೊತೆಗೇ ಸಿಹಿ ತಿನ್ನುವುದು ಎಂಥ ಪದ್ಧತಿ ಎಂದು ಬೈಯುತ್ತಲೇ ಮಧ್ಯಾಹ್ನ ಮಾವಿನ ರಸಕ್ಕೆ ಅದ್ದಿಕೊಂಡು ಏಳು ಪೂರಿ ತಿಂದರು. ಸಂಜೆ ನಾನು ಸಂಡಿಗೆಗೆ ಸಬ್ಬಕ್ಕಿ ನೆನೆಹಾಕುತ್ತಿದ್ದಾಗ ಅಡುಗೆಮನೆಗೆ ಇಣುಕಿ, ಈ ಬಿಸಿಲಿಗೆ ಸಂಡಿಗೆ ಬೇರೆ ಯಾಕೆ, ನಾವಿಬ್ಬರೇ ಮಹಡಿಯ ಮೇಲೆ ಅರ್ಧ ಗಂಟೆ ಮಲಗಿದರೆ ಸಾಕು, ನೇರ ಎಣ್ಣೆಗೆ ಹಾಕಬಹುದು ಅಂದರು. ಆಮೇಲೆ ರಾತ್ರಿ ಪಾಳಿಗೆ ಟಿಫನ್ ಡಬ್ಬಿ ಹಿಡಿದು, "ಬರ್ತೀನಿ ಕಣೇ" ಎಂದು ಹೊರಟರು. ಇದರಲ್ಲಿ ಹುಚ್ಚಿನ ಲಕ್ಷಣ ಏನಾದರೂ ಕಾಣುತ್ತದೆಯೇ?

ಇವರಿಗೆ ಬರೋಡಾ ಸ್ಟೇಷನ್ನಿನ ಎನ್‌ಕ್ವೈರಿ ಕಿಟಕಿಯಲ್ಲಿ ಕೆಲಸ. ಅರಸೀಕೆರೆಯ ಮನುಷ್ಯ, ರೈಲ್ವೆ ಪರೀಕ್ಷೆ ಬರೆದು ಇಲ್ಲಿಗೆ ಬಂದು ಬಿದ್ದವರು. ದಿನಕ್ಕೆ ಸಾವಿರ ಜನ ಕಿಟಕಿಗೆ ಬಾಯಿಟ್ಟು ಕೇಳುವುದು ಎರಡೇ ಪ್ರಶ್ನೆ: ಗಾಡಿ ಎಲ್ಲಿದೆ, ಎಷ್ಟು ತಡ? ಹತ್ತು ವರ್ಷ ಇದನ್ನೇ ಕೇಳಿಸಿಕೊಂಡವರು ಮನೆಯಲ್ಲಿ ಬೇರೆ ಭಾಷೆ ಆಡುತ್ತಾರೆಯೇ? ಅನ್ನ ಆಯಿತಾ ಅಂದರೆ ನಾನೂ "ಔಟರ್‌ನಲ್ಲಿದೆ" ಅನ್ನುವುದನ್ನು ಕಲಿತಿದ್ದೆ. ಪ್ಲಾಟ್‌ಫಾರ್ಮ್ ಖಾಲಿಯಾಗುವ ತನಕ ಗಾಡಿಯನ್ನು ಸ್ಟೇಷನ್ನಿನ ಹೊರಗೆ ತಡೆದು ನಿಲ್ಲಿಸುತ್ತಾರಲ್ಲ, ಆ ಜಾಗವೇ ಔಟರ್. ಕುಕ್ಕರು ಇನ್ನೊಂದು ಸೀಟಿ ಹಾಕಬೇಕು ಎಂದು ಅರ್ಥ.

ನಮ್ಮದು ಬರೋಡಾದ ಗೋರ್ವಾ ಬಡಾವಣೆಯಲ್ಲಿ ಬಾಡಿಗೆ ಮನೆ. ಕೆಳಗೆ ಮನೆಯ ಯಜಮಾನಿ, ಮೇಲೆ ನಾವು. ಆ ಮುದುಕಿಯನ್ನು ಇಡೀ ಬೀದಿ 'ಬಾ' ಎಂದು ಕರೆಯುತ್ತಿತ್ತು. ಗುಜರಾತಿಯಲ್ಲಿ ಬಾ ಅಂದರೆ ಅಮ್ಮ. ನಾವು ಸಂಸಾರ ಹೂಡಿದ ಹೊಸದರಲ್ಲಿ ನಮ್ಮತ್ತೆ ಬಂದಿದ್ದರು. ಮಗ ಮೆಟ್ಟಿಲ ಮೇಲೆ ನಿಂತು ಆಕೆಯನ್ನು ಬಾ, ಬಾ ಎಂದು ಕರೆಯುವುದನ್ನು ಕೇಳಿ ಅವರು ಗದರಿದರು.

"ಏನೋ ಅದು, ಅಷ್ಟು ವಯಸ್ಸಾದೋರನ್ನ ಬಾ ಅಂತೀಯ? ಬನ್ನಿ ಅನ್ನೋಕೆ ನಾಲಗೆ ಸವೆಯುತ್ತಾ?"

ಮಗ ಎಷ್ಟು ಬಿಡಿಸಿ ಹೇಳಿದರೂ ಅತ್ತೆ ಒಪ್ಪಲಿಲ್ಲ. ಅದು ಹೆಸರೇ ಆಗಿದ್ದರೂ ಮರ್ಯಾದೆ ಮರ್ಯಾದೆಯೇ ಎಂದು ತಾವು ಇದ್ದಷ್ಟು ದಿನವೂ ಆಕೆಯನ್ನು 'ಬನ್ನಿ' ಎಂದೇ ಕರೆದರು. ಬಾ ಎಂಬುದಕ್ಕೆ ಗೌರವದ ರೂಪ! ಆಕೆಯೂ ಅದಕ್ಕೆ ಓಗೊಡುತ್ತಿದ್ದರು. ಅತ್ತೆ ಹೋದ ಮೇಲೂ ನಮ್ಮ ಮನೆಯಲ್ಲಿ ಆ ಹೆಸರು ಉಳಿಯಿತು.

ಈಗ ಆ ಬುಧವಾರಕ್ಕೆ ಬರುತ್ತೇನೆ. ಬಿಸಿಲೇರುವ ಮುಂಚೆ ನಾನು ಹಿಟ್ಟು ಕಾಯಿಸಿ ನಮ್ಮ ಮನೆಯ ಮೇಲಿನ ಬಯಲು ಮಹಡಿಗೆ ಹೊತ್ತು, ಹಳೆಯ ಪಂಚೆ ಹಾಸಿ ಸಂಡಿಗೆ ಹಾಕುತ್ತಿದ್ದೆ. ಪಾಳಿ ಮುಗಿಸಿದ ಇವರು ಏಳು ಗಂಟೆಗೆ ಬಂದರು. ನಮ್ಮ ಮನೆಗೆ ಪೇಪರ್ ಹಾಕಿಸುತ್ತಿರಲಿಲ್ಲ. ಪ್ರಯಾಣಿಕರು ಬಿಟ್ಟುಹೋದ ಯಾವುದಾದರೂ ಪೇಪರನ್ನು ಇವರೇ ಮಡಿಸಿಕೊಂಡು ತರುತ್ತಿದ್ದರು. ಅಂದು ಬರಿಗೈಯಲ್ಲಿ ಬಂದಿದ್ದರು. ಸೀದಾ ಮಹಡಿ ಹತ್ತಿ, ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದು, ನಾನು ಕರೆಯದೆಯೇ ಇನ್ನೊಂದು ಚಮಚ ತೆಗೆದುಕೊಂಡು ಪಂಚೆಯ ಆ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಮದುವೆಯಾಗಿ ಹತ್ತು ವರ್ಷದಲ್ಲಿ ಒಂದು ಲೋಟ ಎತ್ತಿಟ್ಟವರಲ್ಲ! ಒಂದೂವರೆ ಗಂಟೆ ಮಾತಿಲ್ಲದೆ ಸಂಡಿಗೆ ಹಾಕಿದರು. ಒಂದೂ ದುಂಡಗೆ ಇರಲಿಲ್ಲ. ಎಲ್ಲವೂ ಯಾವುದೋ ದೇಶದ ನಕ್ಷೆಯ ಹಾಗಿದ್ದವು. ನನಗೆ ಒಳಗೊಳಗೇ ಖುಷಿ. ಹಾಡು ಗುನುಗಿಕೊಳ್ಳುತ್ತಿದ್ದೆ.

ಎಂಟೂವರೆಗೆ ಬನ್ನಿ ಮೆಟ್ಟಿಲು ಹತ್ತಿ ಬಂದರು. ಮಂಡಿನೋವಿನ ಹೆಂಗಸು, ಅದುವರೆಗೆ ಒಮ್ಮೆಯೂ ಮಹಡಿಗೆ ಬಂದದ್ದನ್ನು ನಾನು ಕಂಡಿರಲಿಲ್ಲ. ಪೂಜೆ ಮುಗಿಸಿ ಆಗ ತಾನೇ ರೇಡಿಯೋ ಹಾಕಿದ್ದರಂತೆ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ಛೋಕ್ರಾನೇ ಮಾರೀ ನಾಖ್ಯೋ" ಅಂದರು. ಹುಡುಗನನ್ನು ಕೊಂದುಬಿಟ್ಟರು ಎಂದು. ತಮಿಳುನಾಡಿನಲ್ಲಿ ಚುನಾವಣಾ ಪ್ರಚಾರಕ್ಕೆ ಹೋಗಿದ್ದ ಮಾಜಿ ಪ್ರಧಾನಿಯವರನ್ನು ಹಿಂದಿನ ರಾತ್ರಿ ಬಾಂಬು ಸಿಡಿಸಿ ಕೊಂದಿದ್ದರು. ಬನ್ನಿಗೆ ಅವರು ಹುಡುಗ. ನನ್ನ ಕೈಯಲ್ಲಿದ್ದ ಚಮಚವನ್ನು ಇವರು ಮೆಲ್ಲಗೆ ತೆಗೆದು ಪಾತ್ರೆಯಲ್ಲಿಟ್ಟರು. ಉಳಿದ ಹಿಟ್ಟು ಹಾಗೇ ಗಟ್ಟಿಯಾಯಿತು.

ಸ್ಟೇಷನ್ನಿನಲ್ಲಿ ಇದ್ದವರಿಗೆ ಗೊತ್ತಾಗಲಿಲ್ಲವೇ ಎಂದು ಆಮೇಲೆ ಒಂದು ದಿನ ಕೇಳಿದೆ. ನಮಗೆ ಬರುವುದು ಗಾಡಿಗಳ ಸುದ್ದಿ ಮಾತ್ರ ಅಂದರು. ನಂಬಿದೆ.

ಹುಚ್ಚು ಹಿಡಿದದ್ದು ಅಲ್ಲಿಂದ. ಇವರು ಆಫೀಸಿನ ಒಂದು ಹಳೆಯ ಉದ್ದನೆಯ ರಿಜಿಸ್ಟರಿಗೆ ಗೆರೆ ಹಾಕಿಕೊಂಡರು. ಹೆಸರು, ಸ್ಥಳ, ಸುದ್ದಿ ತಲುಪಿದ ವೇಳೆ, ಎಷ್ಟು ತಡ, ತಡಕ್ಕೆ ಕಾರಣ. ಹೊರಟ ವೇಳೆ ಎಲ್ಲರಿಗೂ ಒಂದೇ, ಬಾಂಬು ಸಿಡಿದ ಗಳಿಗೆ, ರಾತ್ರಿ ಹತ್ತು ಇಪ್ಪತ್ತು. ಅಲ್ಲಿಂದ ಹೊರಟ ಸುದ್ದಿ ಯಾರ ಯಾರನ್ನು ಎಷ್ಟು ತಡವಾಗಿ ತಲುಪಿತು ಎಂದು ಬರೆಯುವುದು. ಬನ್ನಿಯದು ಹತ್ತು ಗಂಟೆ ಹತ್ತು ನಿಮಿಷ ತಡ, ಕಾರಣ ಪೂಜೆ. ಹಾಲಿನವನದು ಏಳು ಗಂಟೆ ತಡ, ಕಾರಣ ನಿದ್ದೆ. ಕ್ಷೌರದಂಗಡಿಯವನನ್ನು ಅರ್ಧ ಗಡ್ಡ ಕೆರೆದಾಗಲೇ ಕೇಳಿ, ಅವನು ನೆನಪು ಮಾಡಿಕೊಳ್ಳುತ್ತ ಕತ್ತಿಯನ್ನು ಗಾಳಿಯಲ್ಲಿ ಹಿಡಿದು ನಿಂತಿದ್ದರಿಂದ ಇವರು ಡ್ಯೂಟಿಗೆ ಇಪ್ಪತ್ತು ನಿಮಿಷ ತಡ. ಅದನ್ನು ಮಾತ್ರ ಎಲ್ಲಿಯೂ ಬರೆಯಲಿಲ್ಲ.

ಇದೆಲ್ಲ ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಿತ್ತು.

"ದಿನಾ ಸಾವಿರ ಜನ ನನ್ನ ಕೇಳ್ತಾರೆ, ಗಾಡಿ ಎಲ್ಲಿದೆ, ಗಾಡಿ ಎಲ್ಲಿದೆ ಅಂತ. ನಾನು ಒಂದೇ ಒಂದ್ಸಲ, ನೀವು ಎಲ್ಲಿದ್ರಿ ಅಂತ ಕೇಳಬಾರದಾ?"

ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಊಟದ ಸಾಲಿನ ಉದ್ದಕ್ಕೂ ರಿಜಿಸ್ಟರ್ ಹಿಡಿದು ಹೋದರು. ಎಲೆಗೆ ಚಿತ್ರಾನ್ನ ಬೀಳುವ ಮೊದಲು ಇವರ ಪ್ರಶ್ನೆ ಬೀಳುತ್ತಿತ್ತು. ದಾವಣಗೆರೆಯ ರೈಲ್ವೆ ಗಾರ್ಡ್ ಒಬ್ಬರು, ತಾವು ಎಲ್ಲರಿಗಿಂತ ಮೊದಲೇ ತಿಳಿದವರೆಂದು ಎದೆಯುಬ್ಬಿಸಿ, ರಾತ್ರಿ ಸರಿಯಾಗಿ ಹತ್ತು ಗಂಟೆಗೇ ಸುದ್ದಿ ಬಂತು ಎಂದುಬಿಟ್ಟರು. ಇವರು ಕನ್ನಡಕ ಮೇಲೆತ್ತಿ ಅವರನ್ನು ನೋಡಿದರು.

"ಸ್ವಾಮಿ, ಇಷ್ಟು ವರ್ಷದಲ್ಲಿ ಎಂತೆಂಥ ಗಾಡಿ ನೋಡಿದೀನಿ. ಹೊರಡೋಕೆ ಮುಂಚೆಯೇ ತಲುಪಿದ್ದು ನಿಮ್ಮದೊಂದೇ."

ಗಾರ್ಡ್ ಸಾಹೇಬರು ಪಾಯಸಕ್ಕೂ ನಿಲ್ಲದೆ ಎದ್ದುಹೋದರು.

ಇದಕ್ಕಿಂತ ದೊಡ್ಡ ಫಜೀತಿ ಆದದ್ದು ಮಣಿನಗರದಲ್ಲಿ. ಅಹಮದಾಬಾದಿನ ಮಣಿನಗರದಲ್ಲಿ ನನ್ನ ತಂಗಿ ಇದ್ದಾಳೆ, ಅವಳ ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ. ಅವಳ ಮೈದುನನಿಗೆ ಅದೇ ಬಡಾವಣೆಯ ಕನ್ನಡದವರ ಮನೆಯಲ್ಲಿ ಹೆಣ್ಣು ನೋಡುವುದಿತ್ತು. ಇವರನ್ನು ಕರೆದುಕೊಂಡು ಹೋದದ್ದು ನನ್ನ ತಪ್ಪು. ಹುಡುಗಿ ಅಲ್ಲಿಯೇ ಹುಟ್ಟಿ ಬೆಳೆದವಳು, ಬಾಯಿ ತೆರೆದರೆ ಗುಜರಾತಿ. ಕನ್ನಡವನ್ನು ಒಂದೊಂದೇ ಮಾತಾಗಿ ಹುಡುಕಿ ಆಡುತ್ತಿದ್ದಳು. ಹಾಡು ಬರುತ್ತಾ, ಅಡುಗೆ ಬರುತ್ತಾ ಎಂದು ಯಾರೂ ಕೇಳುವ ಮೊದಲೇ ಇವರು ಚೀಲದಿಂದ ರಿಜಿಸ್ಟರ್ ತೆಗೆದರು.

"ಆ ದಿನ ಸುದ್ದಿ ಬಂದಾಗ ಎಲ್ಲಿದ್ದೆಯಮ್ಮಾ?"

ನಾನು ನೆಲ ನೋಡಿದೆ. ಹುಡುಗಿ ಮಾತ್ರ ಗಂಭೀರವಾಗಿ ಯೋಚಿಸಿ, "ಮನೆಯಲ್ಲಿ. ನಾನು ಅತ್ತೆ" ಅಂದಳು.

ಹುಡುಗನ ತಾಯಿ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟರು. "ನೀನು ಅತ್ತೆ ಅಂದ್ರೆ, ನಾನು ಯಾರಮ್ಮಾ?"

ಹುಡುಗಿ ಎರಡು ಬೆರಳಿಂದ ಕೆನ್ನೆಯ ಮೇಲೆ ಕಣ್ಣೀರಿನ ಗೆರೆ ಎಳೆದು ತೋರಿಸಿದಳು. ಮೊದಲು ನಕ್ಕವರು ಆ ತಾಯಿಯೇ. ಯಾರೋ ದೂರದವರಿಗಾಗಿ ಅಳುವ ಹುಡುಗಿ ನಾಳೆ ನನಗೂ ಒಂದು ಲೋಟ ನೀರು ಕೊಟ್ಟಾಳು ಎಂದು ಮದುವೆ ನಿಶ್ಚಯ ಮಾಡಿಯೇ ಎದ್ದರು. ಬರುವಾಗ ಇವರ ಜಂಬ ನೋಡಬೇಕಿತ್ತು. ತಮ್ಮ ರಿಜಿಸ್ಟರಿನಿಂದಲೇ ಒಂದು ಸಂಸಾರ ಆಯಿತಂತೆ!

ಒಂದೇ ಒಂದು ಸಲ ಇವರು ಪ್ರಶ್ನೆ ನುಂಗಿಕೊಂಡದ್ದನ್ನು ಕಂಡಿದ್ದೇನೆ. ತೊಂಬತ್ನಾಲ್ಕರಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂದು ಊರಿಗೆ ಊರೇ ಗಾಡಿ ಹತ್ತಿತ್ತು. ಬಾಯಿಗೆ ಕರವಸ್ತ್ರ ಕಟ್ಟಿಕೊಂಡು, ಮಕ್ಕಳನ್ನು ಕಂಕುಳಲ್ಲಿ ಇರುಕಿಕೊಂಡು ಬರೋಡಾದಲ್ಲಿ ಇಳಿದ ಜನ ಇವರ ಕಿಟಕಿಯ ಮುಂದೆ ಮುಗಿಬಿದ್ದಿದ್ದರು. ಡಬ್ಬಿ ಕೊಡಲು ಹೋಗಿದ್ದ ನಾನು, ಈಗ ರಿಜಿಸ್ಟರ್ ತೆಗೆಯುತ್ತಾರಲ್ಲ ಎಂದು ಹೆದರಿದೆ. ತೆಗೆಯಲಿಲ್ಲ.

"ಇವರನ್ನ ಎಲ್ಲಿದ್ರಿ ಅಂತ ಕೇಳಬಾರದು ಕಣೇ. ಎಲ್ಲಿಗೆ ಹೋಗ್ತೀರಿ ಅಂತ ಕೇಳಬೇಕು" ಅಂದರು. ಅಂದು ಎರಡು ಪಾಳಿ ಒಟ್ಟಿಗೆ ಕೂತು ಅದನ್ನೇ ಕೇಳಿ, ಗಾಡಿ ತೋರಿಸಿ ಬಂದರು.

ಇವರನ್ನೇ ಯಾರಾದರೂ ನೀವೆಲ್ಲಿದ್ದಿರಿ ಎಂದು ಕೇಳಿದರೆ, "ಸಂಡಿಗೆ ಹಾಕ್ತಿದ್ದೆ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನನಗೆ ಮಾತ್ರ ಒಂದು ಕೊರಗಿತ್ತು. ಹಾಲಿನವನನ್ನು ಕೇಳಿದವರು, ನೋಡಲು ಹೋದ ಹೆಣ್ಣನ್ನು ಕೇಳಿದವರು, ನನ್ನನ್ನು ಒಂದು ದಿನವೂ ಕೇಳಲಿಲ್ಲ. ಒಮ್ಮೆ ಬಟ್ಟೆ ಮಡಿಸುತ್ತ ಹೇಳಿಯೇಬಿಟ್ಟೆ.

"ಊರವರೆಲ್ಲ ಆಯ್ತು. ನನ್ನನ್ನ ಮಾತ್ರ ಕೇಳೋ ಹಾಗೆ ಕಾಣಲ್ಲ."

"ನಾನು ಪಕ್ಕದಲ್ಲೇ ಇದ್ದೆನಲ್ಲೇ. ಪಕ್ಕದಲ್ಲಿರೋರನ್ನ ಯಾರಾದ್ರೂ ಎಲ್ಲಿದ್ದೆ ಅಂತ ಕೇಳ್ತಾರಾ?"

ನಾನು ಮಾತು ಬಿಟ್ಟೆ. ಕೊರಗು ಬಿಡಲಿಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ 'ಅತ್ತೆ' ಎಂದ ಹುಡುಗಿಯ ಮಗುವಿಗೆ ನಾಮಕರಣ. ಇವರಿಗೆ ರಜೆ ಸಿಗಲಿಲ್ಲ, ನಾನೊಬ್ಬಳೇ ಮಣಿನಗರಕ್ಕೆ ಹೋಗಿದ್ದೆ. ಮರುದಿನ ಹಿಂದಿರುಗಿದ ಗಾಡಿ ಒಂದು ನಿಮಿಷವೂ ತಡವಿಲ್ಲದೆ ಬರೋಡಾ ತಲುಪಿತು. ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ ಎಂದಿದ್ದವರು ಇರಲಿಲ್ಲ. ಎನ್‌ಕ್ವೈರಿ ಕಿಟಕಿಯಲ್ಲಿ ಬೇರೆ ಯಾರೋ ಕೂತಿದ್ದರು. ಅವರು ನನ್ನ ಮುಖ ನೋಡದೆ, ನೀವು ಮನೆಗೆ ಹೋಗಿ ಭಾಭೀಜಿ ಅಂದರು. ಇನ್ಯಾರನ್ನು ಹಿಡಿದು ಪ್ರಶ್ನೆ ಕೇಳುತ್ತ ನಿಂತಿದ್ದಾರೋ ಎಂದು ಗೊಣಗಿಕೊಂಡು ಆಟೋ ಹತ್ತಿದೆ.

ಬನ್ನಿ ಗೇಟಿನಲ್ಲೇ ಕಾದಿದ್ದರು. ಚೀಲ ಕಿತ್ತುಕೊಂಡು ತಮ್ಮ ಅಡುಗೆಮನೆಗೆ ಕರೆದೊಯ್ದು, ತಟ್ಟೆಗೆ ಖಿಚಡಿ ಬಡಿಸಿದರು.

"ಪಹೇಲಾ ಜಮೀ ಲೇ, ದೀಕ್ರಿ." ಮೊದಲು ಊಟ ಮಾಡು, ಮಗಳೇ.

ಇವರೆಲ್ಲಿ ಎಂದು ಕೇಳಿದೆ. "ಆವೇ ಛೇ" ಅಂದರು. ಬರುತ್ತಿದ್ದಾನೆ. ನನಗೆ ಹಸಿವಾಗಿತ್ತು. ಹೇಳಿದ ಮಾತಿನಂತೆ ಪ್ಲಾಟ್‌ಫಾರ್ಮಿಗೆ ಬರದ ಗಂಡನನ್ನು ಬೈಯುತ್ತ ಎರಡು ಸಲ ಹಾಕಿಸಿಕೊಂಡು, ಮೇಲೆ ಕಢಿ ಸುರಿದುಕೊಂಡು ಉಂಡೆ. ಬನ್ನಿ ನನ್ನ ಕೈಯನ್ನು ತಾವೇ ತೊಳೆದು, ತಮ್ಮ ಸೆರಗಿನಿಂದ ಒರೆಸಿ, ಆ ಕೈಯನ್ನು ಬಿಡದೆ ಹೇಳಿದರು. ಅವರು ಸುಳ್ಳು ಹೇಳಿರಲಿಲ್ಲ. ಇವರು ಬರುತ್ತಿದ್ದರು. ನಾಲ್ಕು ಜನ ಆಸ್ಪತ್ರೆಯಿಂದ ಕರೆತರುತ್ತಿದ್ದರು. ಬೆಳಿಗ್ಗೆ ಡ್ಯೂಟಿಗೆ ಕೂತ ಸ್ವಲ್ಪ ಹೊತ್ತಿಗೇ ಎದೆನೋವು ಬಂದು, ಎಂಟು ನಲವತ್ತಕ್ಕೆ ಉಸಿರು ನಿಂತಿತ್ತಂತೆ. ತಿಳಿದ ಮೇಲೆ ಇವಳ ಗಂಟಲಲ್ಲಿ ಅಗುಳೂ ಇಳಿಯುವುದಿಲ್ಲ ಎಂದು ಬನ್ನಿ ಮೊದಲು ಉಣ್ಣಿಸಿದ್ದರು.

ಹದಿಮೂರನೇ ದಿನ ಕಳೆದ ಮೇಲೆ ಆಫೀಸಿನವರು ಇವರ ಟಿಫನ್ ಡಬ್ಬಿ, ಕನ್ನಡಕ, ಆ ರಿಜಿಸ್ಟರ್ ತಂದುಕೊಟ್ಟರು. ಅದು ಯಾವಾಗಲೂ ಅವರ ಡ್ರಾಯರಿನಲ್ಲಿ, ಇಲ್ಲದಿದ್ದರೆ ಅವರ ಚೀಲದಲ್ಲಿ ಇರುತ್ತಿತ್ತು. ನಾನು ಬಿಚ್ಚಿ ನೋಡಿದವಳಲ್ಲ. ಮೊದಲ ಪುಟದ ಮೊದಲ ಸಾಲು ಹೀಗಿತ್ತು: ನಾನು. ಎನ್‌ಕ್ವೈರಿ. ರಾತ್ರಿ 11-55. ತಡ 1-35. ಕಾರಣ: ಕಂಟ್ರೋಲ್ ರೂಮಿನಿಂದ ಫೋನ್ ಬಂದದ್ದೇ ಆಗ.

ಎರಡನೆಯ ಸಾಲು ನನ್ನದು. ನಾನು ಅವರ ಹೆಸರು ಹೇಳುವುದಿಲ್ಲ, ಅವರೂ ನನ್ನ ಹೆಸರು ಬರೆದಿರಲಿಲ್ಲ. ಮನೆಯವಳು. ಮಹಡಿ. ಬೆಳಿಗ್ಗೆ 8-30. ತಡ 10-10. ಕಾರಣ: ಹಾಡಿಕೊಂಡು ಸಂಡಿಗೆ ಹಾಕುತ್ತಿದ್ದಳು. ಔಟರ್‌ನಲ್ಲಿ ನಿಲ್ಲಿಸಿದ್ದು ನಾನೇ.

ಇಡೀ ರಾತ್ರಿ ಆ ಸುದ್ದಿ ಹೊತ್ತು ಮನೆಗೆ ಬಂದ ಮನುಷ್ಯ ಒಂದೂವರೆ ಗಂಟೆ ನನ್ನೆದುರು ಕೂತು ಸಂಡಿಗೆ ಹಾಕಿದ್ದರು.

ಕೊನೆಯ ಪುಟದಲ್ಲಿ ಜಾಗವಿತ್ತು. ಪೆನ್ನು ತೆಗೆದುಕೊಂಡು, ಅವರದೇ ಗೆರೆಗಳೊಳಗೆ ನಾನೂ ಒಂದು ಸಾಲು ಬರೆದೆ. ಮನೆಯವಳು. ಬನ್ನಿಯ ಅಡುಗೆಮನೆ. ಹೊರಟ ವೇಳೆ 8-40. ತಲುಪಿದ ವೇಳೆ 12-50. ತಡ 4-10. ಕಾರಣ: ಖಿಚಡಿ.

ಲೆಕ್ಕ ಸರಿಯಾಗಿದೆ, ಎರಡು ಸಲ ನೋಡಿದ್ದೇನೆ. ಈ ಸಲ ಅವರು ನನ್ನ ಪಕ್ಕದಲ್ಲಿ ಇರಲಿಲ್ಲ. ನೀನು ಎಲ್ಲಿದ್ದೆ ಎಂದು ಅವರು ಕೇಳಬೇಕಾಗಿತ್ತು. ಇನ್ನೂ ಕೇಳಿಲ್ಲ.